ಕಾಲಿನ ಕಥೆ, ಭಾಗ 4: ಒಂದೇ ಬೆರಳಲ್ಲಿ ತೋರಿಸು

ಹೋದ ಭಾಗದಲ್ಲಿ ಅರೆಮಂಡಿ ಬಗ್ಗೆ ಬರೆದಾಗ ಸುಮಾರು ಜನ ಮೆಸೇಜ್ ಮಾಡಿದ್ರಿ. "ಅಕ್ಕಾ, ಮಂಡಿ ಕೆಳಗೆ ಮುಂದಿನ ಮೂಳೆ ನೋಯುತ್ತೆ, ಮಾಮೂಲಿನಾ?" ಅಂತ. ಮಾಮೂಲಿ ಅಂತ ನಾನೂ ಅಂದ್ಕೊಂಡಿದ್ದೆ.

ರಂಗಪ್ರವೇಶಕ್ಕೆ ಎರಡು ತಿಂಗಳಿತ್ತು. ವಾರಕ್ಕೆ ಎರಡು ದಿನ ಇದ್ದ ಅಭ್ಯಾಸ ಇದ್ದಕ್ಕಿದ್ದ ಹಾಗೆ ಏಳು ದಿನ ಆಯ್ತು. ಗ್ರಾನೈಟ್ ನೆಲ, ಬರಿಗಾಲು. ಮೊದಲನೇ ತಟ್ಟಡವನ್ನೇ ತಗೊಳ್ಳಿ: ಆದಿತಾಳದ ಒಂದು ಆವರ್ತನಕ್ಕೆ ಮೊದಲ ಕಾಲದಲ್ಲಿ 8 ಸಲ ಪಾದ ನೆಲಕ್ಕೆ ಬಡಿಯುತ್ತೆ, ಎರಡನೇ ಕಾಲದಲ್ಲಿ 16, ಮೂರನೇದರಲ್ಲಿ 32. ಅದು ಬರೀ ಶುರು. ಆಮೇಲೆ ಜತಿ, ವರ್ಣ, ತಿಲ್ಲಾನ. ಮರದ ಹಲಗೆಯ ವೇದಿಕೆ, ಅಡಿಯಲ್ಲಿ ಟೊಳ್ಳಿದ್ರೆ, ಪೆಟ್ಟನ್ನ ಸ್ವಲ್ಪ ನುಂಗಿಕೊಳ್ಳುತ್ತೆ. ಕಲ್ಲು ಏನೂ ನುಂಗಲ್ಲ, ಅಷ್ಟೂ ಕಾಲಿಗೇ ವಾಪಸ್.

ಬಲಗಾಲು ನೋಯೋಕೆ ಶುರುವಾದಾಗ ಯಾರಿಗೂ ಹೇಳ್ಲಿಲ್ಲ. ಸ್ಪ್ರೇ ಹೊಡ್ಕೊಂಡು ಗೆಜ್ಜೆ ಕಟ್ಟಿದೆ. ನಿಜ ಹೇಳ್ಬೇಕು ಅಂದ್ರೆ, ಒಳಗೊಳಗೆ ಜಂಬಾನೂ ಇತ್ತು. ನೋವಾಗ್ತಿದೆ ಅಂದ್ರೆ ಸಾಧನೆ ಆಗ್ತಿದೆ ಅಂತ. ನಿಮ್ಮಲ್ಲೂ ಎಷ್ಟು ಜನಕ್ಕೆ ಹಾಗನ್ಸುತ್ತೆ ಅಂತ ಗೊತ್ತು ನಂಗೆ.

ಕೊನೆಗೆ ಮೆಟ್ಟಿಲು ಇಳಿಯೋಕೂ ಆಗದೆ ಹೋದಾಗ ಅಮ್ಮ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಅವರು ಕೇಳಿದ್ದು ಎರಡೇ ಪ್ರಶ್ನೆ. ಮೊದಲನೇದು: "ನೋವು ಎಲ್ಲಿ, ಒಂದೇ ಬೆರಳಲ್ಲಿ ತೋರಿಸಮ್ಮ." ತೋರಿಸಿದೆ, ಸರಿಯಾಗಿ ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅಂಗೈಯಗಲ ಹರಡಿಕೊಂಡಿರೋ ನೋವು ಸಾಮಾನ್ಯವಾಗಿ ಮೂಳೆಯ ಮೇಲ್ಪದರಕ್ಕೆ ಆದ ಆಯಾಸ, ಅದಕ್ಕೂ ಅಭ್ಯಾಸ ಇಳಿಸ್ಬೇಕು. ಆದ್ರೆ ಬೆರಳು ಇಟ್ಟ ಕಡೆಯೇ ಚುಚ್ಚೋ ನೋವು, ಒಂಟಿಕಾಲಲ್ಲಿ ಕುಪ್ಪಳಿಸಿದ್ರೆ ಜೀವ ಹೋಗೋ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ರೆ ಮೂಳೆಯೇ ಬಿರುಕು ಬಿಡ್ತಿರಬಹುದು. ಎಕ್ಸ್‌ರೇಯಲ್ಲಿ ನಂದು ಕಾಣಲೇ ಇಲ್ಲ, ಶುರುವಿನಲ್ಲಿ ಎಷ್ಟೋ ಸಲ ಕಾಣಲ್ಲ. ಎಂಆರ್‌ಐಯಲ್ಲಿ ಕಾಣ್ತು. ಸ್ಟ್ರೆಸ್ ಫ್ರ್ಯಾಕ್ಚರ್.

ಎರಡನೇ ಪ್ರಶ್ನೆ: "ಮುಟ್ಟು ಸರಿಯಾಗಿ ಆಗ್ತಿದ್ಯಾ?"

ಅಮ್ಮ ನನ್ನ ಮುಖ ನೋಡಿದ್ರು. ನಾಲ್ಕು ತಿಂಗಳಿಂದ ಆಗಿರ್ಲಿಲ್ಲ. ಪ್ರಾಕ್ಟೀಸಿಗೆ ಅನುಕೂಲ ಆಯ್ತು ಅಂತ ಖುಷಿಯಾಗಿದ್ದೆ, ಪೆದ್ದಿ. ಕಾಸ್ಟ್ಯೂಮಲ್ಲಿ ಹೊಟ್ಟೆ ಕಾಣಬಾರದು ಅಂತ ರಾತ್ರಿ ಊಟ ಬಿಟ್ಟು ಬರೀ ಮಜ್ಜಿಗೆ ಕುಡೀತಿದ್ದೆ. ಅಷ್ಟು ಕುಣಿದು ಅಷ್ಟೇ ತಿಂದ್ರೆ ದೇಹ ಮೊದಲು ಮುಟ್ಟು ನಿಲ್ಲಿಸುತ್ತೆ, ಆ ಹಾರ್ಮೋನ್ ಕಮ್ಮಿಯಾದ್ರೆ ಮೂಳೆ ಸೊರಗುತ್ತೆ. ಇದನ್ನ ಕ್ಲಾಸಲ್ಲಿ ಯಾರೂ ಹೇಳ್ಕೊಡಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಎರಡ್ಮೂರು ತಿಂಗಳಿಂದ ನಿಂತಿದ್ರೆ ಅಮ್ಮನಿಗೋ ಅಕ್ಕನಿಗೋ ಹೇಳಿ, ಡಾಕ್ಟರಿಗೆ ತೋರಿಸಿ. ಹುಡುಗರೇ, ಊಟ ಬಿಡೋ ವಿಷಯ ನಿಮಗೂ ಸೇರಿಯೇ ಹೇಳ್ತಿದ್ದೀನಿ.

ಎಂಟು ವಾರ ಕುಣಿತ ಬಂದ್. ಹಾಲ್ ಬುಕ್ ಆಗಿತ್ತು, ಆಹ್ವಾನ ಪತ್ರಿಕೆ ಅಚ್ಚಾಗಿತ್ತು. ಅಮ್ಮ ಒಬ್ಬೊಬ್ಬ ನೆಂಟರಿಗೂ ಫೋನ್ ಮಾಡಿ ಮುಂದಕ್ಕೆ ಹೋಯ್ತು ಅನ್ನೋದನ್ನ ರೂಮಿನ ಬಾಗಿಲು ಹಾಕ್ಕೊಂಡು ಕೇಳಿಸ್ಕೊಂಡೆ. ಗುರುಗಳಿಗೆ ಹೇಳೋಕೆ ಹೋದಾಗ ಬೈತಾರೆ ಅಂದ್ಕೊಂಡಿದ್ದೆ. ಅವರು ಸುಮ್ಮನೆ ಕೂತಿದ್ದು, ಆಮೇಲೆ ಸೀರೆ ಅಂಚು ಸ್ವಲ್ಪ ಸರಿಸಿ ತಮ್ಮ ಹಿಮ್ಮಡಿ ತೋರಿಸಿದ್ರು. "ನಾವು ಅರಿಶಿನದ ಪಟ್ಟು ಹಾಕ್ಕೊಂಡು ಕುಣಿದ್ವಿ ಕಣೇ. ಈಗ ಬೆಳಗ್ಗೆ ಎದ್ದು ಕಾಲು ಊರೋಕೆ ಗೋಡೆ ಹಿಡೀಬೇಕು."

ಆ ಎಂಟು ವಾರ ಕುರ್ಚಿಯಲ್ಲಿ ಕೂತು ತಾಳ ಹಾಕಿದೆ, ಅಭಿನಯ ಕಲಿತೆ. ವಾಪಸ್ ಬಂದಾಗ ಮೊದಲ ವಾರ ಬರೀ ತಟ್ಟಡವು, ಅದೂ ಮೊದಲ ಕಾಲ ಮಾತ್ರ, ಹತ್ತೇ ನಿಮಿಷ. ಪುಟ್ಟ ಮಕ್ಕಳ ಸಾಲಲ್ಲಿ ನಿಂತ್ಕೊಂಡು. ಮರ್ಯಾದೆ ಹೋದ ಹಾಗಾಯ್ತು, ಆದ್ರೆ ನೋಯ್ಲಿಲ್ಲ.

ಆ ಕುರ್ಚಿ ಈಗ ನಮ್ಮ ಕ್ಲಾಸಿನ ಮೂಲೆಯಲ್ಲೇ ಇದೆ. ಈ ಶನಿವಾರ ಬರೋರಲ್ಲಿ ಯಾರಿಗಾದ್ರೂ ಕಾಲು ನೋಯ್ತಿದ್ರೆ ನೇರ ಹೋಗಿ ಅದರಲ್ಲಿ ಕೂತ್ಕೊಳ್ಳಿ, ಯಾಕೆ ಅಂತ ಯಾರೂ ಕೇಳಲ್ಲ. ಮುಂದಿನ ಭಾಗದಲ್ಲಿ ಹಿಮ್ಮಡಿ ನೋವು.