ದುಡಿದವಳ ಕೈಗೆ ಬೀಗದ ಕೈ

ಮನೆಯಲ್ಲಿ ದುಡಿಯುವವರು ಯಾರು, ದುಡ್ಡಿನ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಳ್ಳುವವರು ಯಾರು? ಈ ಎರಡು ಪ್ರಶ್ನೆಗಳಿಗೂ ಒಂದೇ ಹೆಸರು ಉತ್ತರವಾಗಿ ಬರುವ ಮನೆಗಳು ನಿಮ್ಮ ಬೀದಿಯಲ್ಲಿ ಎಷ್ಟಿವೆ, ಸುಮ್ಮನೆ ಒಮ್ಮೆ ಎಣಿಸಿ ನೋಡಿ. ದುಡಿಯುವವಳು ಹೆಣ್ಣಾದಾಗ ಈ ಲೆಕ್ಕ ಸ್ವಲ್ಪ ಜಾಸ್ತಿಯೇ ತಪ್ಪುತ್ತದೆ ಅಂತ ನನ್ನ ಅನಿಸಿಕೆ.

ನಮ್ಮ ದೊಡ್ಡಮ್ಮ ಒಬ್ಬರು ಹೊಲಿಗೆ ಮಿಷನ್ನು ಇಟ್ಟುಕೊಂಡು ಊರ ಹೆಂಗಸರ ರವಿಕೆಗಳನ್ನೆಲ್ಲ ಹೊಲಿದು ಕೊಡುತ್ತಿದ್ದರು. ದೀಪಾವಳಿ ಬಂತೆಂದರೆ ರಾತ್ರಿ ಎರಡು ಗಂಟೆಯವರೆಗೂ ಮಿಷನ್ನಿನ ಮೇಲಿನ ಅವರ ಕಾಲು ನಿಲ್ಲುತ್ತಿರಲಿಲ್ಲ. ಬಂದ ಕಾಸು ನೇರವಾಗಿ ಅವರ ಅತ್ತೆಯ ಕೈಗೆ. ಒಂದು ಮೊಳ ಹೂವು ಬೇಕಾದರೂ ಕೇಳಿಯೇ ತೆಗೆದುಕೊಳ್ಳಬೇಕು. ದೊಡ್ಡಮ್ಮ ಅದನ್ನು ಕಷ್ಟ ಅಂತ ಎಂದೂ ಹೇಳಿಕೊಂಡವರಲ್ಲ. "ಅದು ಹಾಗೇ ಕಣೇ" ಅನ್ನುತ್ತಿದ್ದರು, ಅಷ್ಟೆ.

ಈ ಮಾತು ನನಗೆ ಬಲವಾಗಿ ನೆನಪಾದದ್ದು ಜಪಾನಿನ ಒಬ್ಬ ಚಿತ್ರತಾರೆಯ ಬದುಕನ್ನು ಓದುವಾಗ. ನಮ್ಮೂರ ರವಿಕೆ ಎಲ್ಲಿ, ಜಪಾನ್ ಎಲ್ಲಿ ಅಂತೀರಾ? ಸ್ವಲ್ಪ ತಾಳ್ಮೆಯಿಂದ ಕೇಳಿ. ರಜಕ್ಕೆ ಬಂದಿದ್ದ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಕಪ್ಪು ಬಿಳುಪಿನ ಚಿತ್ರ ಹಾಕಿ, "ಅಮ್ಮಾ, ಇದನ್ನು ನೀನು ನೋಡಲೇಬೇಕು" ಅಂದಳು. ಭಾಷೆ ಬಾರದಿದ್ದರೂ ಕಣ್ಣೀರು ಬಂತು. ಅದರ ನಾಯಕಿಯ ಬಗ್ಗೆ ಆಮೇಲೆ ನಾನೇ ಹುಡುಕಿ ಓದಿಕೊಂಡೆ. ಆಕೆಯ ಹೆಸರು ಹಿಡೆಕೊ ತಕಾಮಿನೆ.

ಹಿಡೆಕೊ ಹುಟ್ಟಿದ್ದು 1924ರ ಮಾರ್ಚ್ 27ರಂದು, ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಹಕೊದಾತೆ ಎಂಬ ಬಂದರು ಊರಿನಲ್ಲಿ. ಐದು ತುಂಬುವ ಮೊದಲೇ ಹೆತ್ತ ತಾಯಿ ಕ್ಷಯದಿಂದ ತೀರಿಕೊಂಡಳು. ಸೋದರತ್ತೆ ಶಿಗೆ ಮಗುವನ್ನು ದತ್ತು ತೆಗೆದುಕೊಂಡು ಟೋಕಿಯೋಗೆ ಕರೆತಂದಳು. ಆಗಿನ್ನೂ ಮೂಕಿ ಚಿತ್ರಗಳ ಕಾಲ. ಜಪಾನಿನಲ್ಲಿ ಚಿತ್ರ ಓಡುತ್ತಿರುವಾಗ ಪರದೆಯ ಪಕ್ಕದಲ್ಲಿದ್ದು ಕಥೆ, ಮಾತು ಎಲ್ಲವನ್ನೂ ಪ್ರೇಕ್ಷಕರಿಗೆ ಹೇಳುವವರಿರುತ್ತಿದ್ದರು. ಶಿಗೆ ಒಂದು ಕಾಲಕ್ಕೆ ಆ ಕೆಲಸ ಮಾಡಿದ್ದವಳು. ಆಗ ಅವಳು ಇಟ್ಟುಕೊಂಡಿದ್ದ ಹೆಸರೇ ಹಿಡೆಕೊ ತಕಾಮಿನೆ! ಮಗು ಮುಂದೆ ಜಗತ್ತಿಗೆಲ್ಲ ಪರಿಚಯವಾದದ್ದು ಸಾಕುತಾಯಿಯ ಆ ಹೆಸರಿನಿಂದಲೇ.

1929ರಲ್ಲಿ ಸಾಕುತಂದೆಯ ಬೆನ್ನ ಮೇಲೆ ಕೂತು ಸಿನಿಮಾ ಸ್ಟುಡಿಯೋ ನೋಡಲು ಹೋದಳು. ಶೋಚಿಕು ಕಂಪನಿಯವರು ಅಂದು 'ತಾಯಿ' ಎಂಬ ಚಿತ್ರಕ್ಕೆ ಪುಟ್ಟ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಆರಿಸುತ್ತಿದ್ದರು. ಇವಳನ್ನೂ ಸಾಲಿನ ಕೊನೆಗೆ ನಿಲ್ಲಿಸಿದ್ದಾಯಿತು. ಆಯ್ಕೆಯಾದವಳು ಇವಳೇ. ಅಂದಿನಿಂದ ಐದು ವರ್ಷದ ಮಗು ಮನೆಗೆ ಸಂಪಾದಿಸಿ ತರುವವಳಾದಳು. ಹುಡುಗಿಯ ಪಾತ್ರ, ಕೂದಲು ಕತ್ತರಿಸಿ ಹುಡುಗನ ಪಾತ್ರ, ಸಿಕ್ಕಿದ್ದೆಲ್ಲ. 1934ರಲ್ಲಿ ಹಕೊದಾತೆಯಲ್ಲಿ ಭಾರಿ ಬೆಂಕಿ ಅನಾಹುತವಾಗಿ ಅಜ್ಜನ ಮನೆಯವರೂ ನೆಲೆ ಕಳೆದುಕೊಂಡು ಟೋಕಿಯೋಗೆ ಬಂದರು. ಹತ್ತು ವರ್ಷದ ಹುಡುಗಿಯ ದುಡಿಮೆಯ ಮೇಲೆ ಊಟಕ್ಕೆ ಕೂರುವ ಬಾಯಿಗಳು ಇನ್ನಷ್ಟು ಹೆಚ್ಚಿದವು.

ಇನ್ನು ಶಾಲೆ? ಹೆಸರು ಹಚ್ಚಿದ್ದಷ್ಟೇ. ಬೆಳಗಾದರೆ ಚಿತ್ರೀಕರಣ, ರಾತ್ರಿಯಾದರೂ ಚಿತ್ರೀಕರಣ. ಒಬ್ಬ ಮೇಷ್ಟ್ರು ಮಾತ್ರ ಈ ಹುಡುಗಿ ಹೊರಾಂಗಣ ಚಿತ್ರೀಕರಣಕ್ಕೆ ಹೊರಟಾಗ ಸ್ಟೇಷನ್ನಿಗೆ ಬಂದು ಎರಡು ಮೂರು ಮಕ್ಕಳ ಪುಸ್ತಕಗಳನ್ನು ಕೈಗೆ ಕೊಟ್ಟು ಹೋಗುತ್ತಿದ್ದರು. ರೈಲಿನಲ್ಲಿ ಆ ಪುಸ್ತಕಗಳನ್ನು ನೋಡುತ್ತ ನೋಡುತ್ತಲೇ ಅವಳು ಅಕ್ಷರ ಕಲಿತದ್ದು. 1937ರಲ್ಲಿ, ಮುಂದೆ ತೋಹೊ ಎಂದು ಹೆಸರಾದ ಕಂಪನಿಗೆ ಅವಳು ಸೇರಿದಾಗ ಇದ್ದ ದೊಡ್ಡ ಆಸೆ ಒಂದೇ: ಇಲ್ಲಾದರೂ ಶಾಲೆಗೆ ಕಳಿಸುತ್ತಾರೆ ಎಂಬುದು. ಕಳಿಸಿದ್ದೇನೋ ನಿಜ. ಆದರೆ ಶಾಲೆಗೆ ಹೋಗಲು ದಿನ ಎಲ್ಲಿ ಉಳಿದಿತ್ತು? ಶಾಲೆಯೋ ಸಿನಿಮಾವೋ ಎಂಬ ಪ್ರಶ್ನೆ ಎದುರಾದಾಗ ಶಾಲೆ ಬಿಟ್ಟಳು. ಬೇರೆ ಉತ್ತರ ಕೊಡುವ ಸ್ವಾತಂತ್ರ್ಯ ಅವಳಿಗಿತ್ತೇ, ಹೇಳಿ?

ಅಷ್ಟು ಹೊತ್ತಿಗೆ ಅವಳ ಮುಖ ಇಡೀ ದೇಶದ ಮುಖವಾಗಿತ್ತು. ಅಂಗಡಿಗಳಲ್ಲಿ ಅವಳ ಭಾವಚಿತ್ರಗಳು ಮಾರಾಟವಾಗುತ್ತಿದ್ದವು, ಜಾಹೀರಾತುಗಳಲ್ಲಿ ರೂಪದರ್ಶಿಯೂ ಅವಳೇ. ಜನ 'ದೆಕೊ' ಎಂದು ಮುದ್ದಿನಿಂದ ಕರೆಯುತ್ತಿದ್ದರು. ಯುದ್ಧ ಶುರುವಾದ ಮೇಲೆ ಸೈನಿಕರು ಜೇಬಿನಲ್ಲಿ ಅವಳ ಚಿತ್ರ ಇಟ್ಟುಕೊಂಡು ರಣರಂಗಕ್ಕೆ ಹೋದರು. ಅವರ ಮುಂದೆ ಹಾಡಲು ಅವಳನ್ನು ಕರೆದೊಯ್ಯುತ್ತಿದ್ದರು. 1945ರಲ್ಲಿ ಜಪಾನ್ ಸೋತಿತು. ಸ್ವಲ್ಪ ಕಾಲದಲ್ಲೇ ಅದೇ ಹುಡುಗಿ ಟೋಕಿಯೋದ ರಂಗಮಂದಿರದಲ್ಲಿ ಗೆದ್ದ ಅಮೆರಿಕದ ಸೈನಿಕರ ಮುಂದೆ ಹಾಡುತ್ತಿದ್ದಳು. ಹಾಡಿಸುವವರು ಬದಲಾದರು, ಹಾಡುವವಳು ಅವಳೇ. ಈ ನೋವನ್ನು ಮುಂದೆ ಹಿಡೆಕೊ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು.

1941ರಲ್ಲಿ 'ಕುದುರೆ' ಎಂಬ ಚಿತ್ರದಲ್ಲಿ ಹಿಡೆಕೊ ಹಳ್ಳಿಯ ಹುಡುಗಿಯಾಗಿ ಅಭಿನಯಿಸಿದ್ದಳು. ಆ ಚಿತ್ರದ ಸಹಾಯಕ ನಿರ್ದೇಶಕ ಮುಂದೆ ಜಗತ್ಪ್ರಸಿದ್ಧರಾದ ಅಕಿರಾ ಕುರೊಸಾವಾ. ಇಬ್ಬರ ಮನಸ್ಸೂ ಕೂಡಿತ್ತು. ಆದರೆ ಸಾಕುತಾಯಿ ಬಿಡಲಿಲ್ಲ. ಹಣ ತಾಯಿಯ ಕೈಯಲ್ಲಿ, ಮನಸ್ಸಿನ ಬೀಗದ ಕೈಯೂ ತಾಯಿಯ ಕೈಯಲ್ಲಿ. ಶಿಗೆ ಕೆಟ್ಟ ಹೆಂಗಸು ಅಂತ ಒಂದೇ ಮಾತಿನಲ್ಲಿ ತೀರ್ಮಾನ ಮಾಡಬೇಡಿ. ತಬ್ಬಲಿ ಮಗುವನ್ನು ಎತ್ತಿ ಸಾಕಿದವಳೂ ಅವಳೇ ತಾನೆ? ಪ್ರೀತಿ, ಹಿಡಿತ ಎರಡೂ ಒಂದೇ ಕೈಯಿಂದ ಬಂದಾಗ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ನಮಗೆ ನಿಮಗೆ ತಿಳಿಯದ್ದೇನಲ್ಲ.

ಬಿಡಿಸಿಕೊಂಡದ್ದು ಒಂದೊಂದೇ ಗಂಟು. ಮೊದಲನೆಯದು 1950ರಲ್ಲಿ. ನಟ ನಟಿಯರೆಲ್ಲ ಒಂದೊಂದು ಕಂಪನಿಗೆ ಸಂಬಳದ ಆಳುಗಳಂತಿದ್ದ ಕಾಲವದು. ಹಿಡೆಕೊ ಕಂಪನಿ ಬಿಟ್ಟು ಹೊರಬಂದು, ಕಥೆ ನೋಡಿ ತಾವೇ ಒಪ್ಪಿಕೊಳ್ಳುವ ಸ್ವತಂತ್ರ ಕಲಾವಿದೆಯಾದರು. 1951ರಲ್ಲಿ ತೆರೆಕಂಡ 'ಕಾರ್ಮೆನ್ ಮನೆಗೆ ಬಂದಳು' ಜಪಾನಿನ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ. ಬಣ್ಣ ಕೈಕೊಟ್ಟರೆ ಇರಲಿ ಅಂತ ಕಪ್ಪು ಬಿಳುಪಿನಲ್ಲೂ ಅದನ್ನು ಚಿತ್ರೀಕರಿಸಿದರು. ಅಂದರೆ ಅದೇ ನಗು, ಅದೇ ಕುಣಿತ ಎರಡೆರಡು ಬಾರಿ! ಅದು ಮುಗಿದ ಮೇಲೆ ಆಕೆ ಯಾರ ಹಂಗೂ ಇಲ್ಲದೆ ಪ್ಯಾರಿಸ್ಸಿಗೆ ಹೋಗಿ ಸುಮಾರು ಆರು ತಿಂಗಳು ಒಬ್ಬರೇ ಇದ್ದು ಬಂದರು. ಐದನೇ ವಯಸ್ಸಿನಿಂದ ಬಿಡುವನ್ನೇ ಕಾಣದಿದ್ದ ಹೆಣ್ಣಿಗೆ ಅದು ಎಂಥ ದೊಡ್ಡ ರಜವಾಗಿತ್ತೋ!

ಅಲ್ಲಿಂದ ಮುಂದಿನ ಹತ್ತು ವರ್ಷ ಆಕೆಯ ಸುಗ್ಗಿ. ನಾನು ಮಗಳ ಜೊತೆ ನೋಡಿದ ಚಿತ್ರ 1954ರ 'ಇಪ್ಪತ್ತನಾಲ್ಕು ಕಣ್ಣುಗಳು'. ನಿರ್ದೇಶಕರು ಕೈಸುಕೆ ಕಿನೋಶಿತಾ. 1928ರಲ್ಲಿ ಒಂದು ದ್ವೀಪದ ಹಳ್ಳಿ ಶಾಲೆಗೆ ಓಯಿಶಿ ಎಂಬ ಯುವ ಟೀಚರ್ ಸೈಕಲ್ ಮೇಲೆ ಬರುತ್ತಾಳೆ. ಊರ ಹೆಂಗಸರು ಮೂಗಿನ ಮೇಲೆ ಬೆರಳಿಡುತ್ತಾರೆ. ಹನ್ನೆರಡು ಮಕ್ಕಳು, ಇಪ್ಪತ್ತನಾಲ್ಕು ಕಣ್ಣು. ಯುದ್ಧ ಬಂದು ಆ ಹುಡುಗರಲ್ಲಿ ಕೆಲವರನ್ನು ನುಂಗುತ್ತದೆ, ಟೀಚರ್ ಗಂಡನನ್ನೂ ನುಂಗುತ್ತದೆ. ಕೊನೆಗೆ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಶಿಷ್ಯನೊಬ್ಬ ಹಳೆಯ ಗುಂಪು ಫೋಟೋದ ಮೇಲೆ ಬೆರಳಾಡಿಸಿ, ಇವನು ಇಂಥವನು, ಇವಳು ಇಂಥವಳು ಅಂತ ಹೇಳುವ ದೃಶ್ಯವಿದೆ. ಸೆರಗು ಒದ್ದೆಯಾಗದೆ ಅದನ್ನು ನೋಡಲಾಗದು. ಆ ವರ್ಷ ಜಪಾನಿನ ಹೆಸರಾಂತ ಸಿನಿಮಾ ಪತ್ರಿಕೆ 'ಕಿನೆಮಾ ಜುಂಪೊ' ವಿಮರ್ಶಕರ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಕುರೊಸಾವಾರ 'ಸೆವೆನ್ ಸಮುರಾಯ್'ಗೆ ಮೂರನೆಯದು! ಶಾಲೆಯ ಮೆಟ್ಟಿಲನ್ನು ನೆಟ್ಟಗೆ ಹತ್ತದ ಹೆಣ್ಣು ಇಡೀ ದೇಶದ ಪ್ರೀತಿಯ ಟೀಚರ್ ಆದದ್ದು ವಿಚಿತ್ರವಲ್ಲವೇ?

ಇನ್ನೊಬ್ಬ ನಿರ್ದೇಶಕರು ಮಿಕಿಯೊ ನರುಸೆ. ಅವರ ಹದಿನೇಳು ಚಿತ್ರಗಳಲ್ಲಿ ಹಿಡೆಕೊ ಅಭಿನಯಿಸಿದರು. ನರುಸೆಯವರ ಚಿತ್ರಗಳಲ್ಲಿ ರಾಜರಾಣಿಯರಿಲ್ಲ, ಸಾಲ, ಬಾಡಿಗೆ, ಚಿಲ್ಲರೆ ಎಣಿಸುವ ಕೈಗಳಿವೆ. 1960ರ 'ಹೆಣ್ಣು ಮೆಟ್ಟಿಲು ಹತ್ತುವಾಗ' ಚಿತ್ರದಲ್ಲಿ ಆಕೆ ಬಾರ್ ಒಂದನ್ನು ನೋಡಿಕೊಳ್ಳುವ ವಿಧವೆ. ಇಷ್ಟವಿಲ್ಲದ ಕೆಲಸ. ಅಣ್ಣನಿಗೆ ವಕೀಲರ ಖರ್ಚು, ಅವನ ಮಗನಿಗೆ ಪೋಲಿಯೋ ಆಪರೇಷನ್ನು, ಅಮ್ಮನ ಮನೆ ನಡೆಯಬೇಕು. ಎಲ್ಲರ ಕೈಯೂ ಅವಳ ಕಡೆಗೇ ಚಾಚಿರುತ್ತದೆ. ದಿನಾ ಸಂಜೆ ಆ ಮೆಟ್ಟಿಲನ್ನು ಮನಸ್ಸು ಕಲ್ಲು ಮಾಡಿಕೊಂಡು ಹತ್ತುತ್ತಾಳೆ. ಆ ಮುಖ ನೋಡಿದರೆ ನಟನೆ ಅನ್ನಿಸುವುದೇ ಇಲ್ಲ. ಐದನೇ ವಯಸ್ಸಿನಿಂದ ಆಕೆಯೂ ಹತ್ತಿದ ಮೆಟ್ಟಿಲೇ ತಾನೆ ಅದು! ಆ ಚಿತ್ರದ ಉಡುಪುಗಳ ಆಯ್ಕೆಯೂ ಹಿಡೆಕೊರವರದೇ.

ಎರಡನೆಯ ಗಂಟು ಮದುವೆ. 1955ರಲ್ಲಿ ಕಿನೋಶಿತಾರ ಸಹಾಯಕರಾಗಿದ್ದ ಝೆನ್‌ಜೊ ಮತ್ಸುಯಾಮಾರನ್ನು ಕೈಹಿಡಿದರು. ಆಕೆ ದೇಶದ ದೊಡ್ಡ ತಾರೆ, ಆತ ಸಣ್ಣ ಸಂಬಳದವನು. ಆ ಕಾಲದಲ್ಲಿ ಮದುವೆಯಾದ ನಟಿ ಮನೆ ಸೇರುವುದು ವಾಡಿಕೆ. ಹಿಡೆಕೊ ಕೆಲಸ ಬಿಡಲಿಲ್ಲ. 1961ರಲ್ಲಿ ಗಂಡ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಕಿವಿ ಕೇಳದ ಹೆಣ್ಣಾಗಿ, ಕೈಸನ್ನೆಯ ಭಾಷೆ ಕಲಿತು ಅಭಿನಯಿಸಿದರು. ಗಂಡ ಬಾಯಲ್ಲಿ ಹೇಳಿದ ಚಿತ್ರಕಥೆಗಳನ್ನು ಕೂತು ಬರೆದುಕೊಟ್ಟರು. ಮನೆಯನ್ನೂ ಅಷ್ಟೇ ಅಚ್ಚುಕಟ್ಟಾಗಿ ನಡೆಸಿದರು. ಅಡುಗೆಯ ಬಗ್ಗೆ ಆಕೆ ಬರೆದ ಒಂದು ಪುಸ್ತಕದ ಹೆಸರು 'ಅಡುಗೆಮನೆಯ ಆರ್ಕೆಸ್ಟ್ರಾ' ಅಂದರೆ ನಿಮಗೂ ನಗು ಬರಬಹುದು. ನಮ್ಮ ಕುಕ್ಕರಿನ ಕೂಗು, ಒಗ್ಗರಣೆಯ ಚಟಪಟ ಕೇಳಿದವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದು ಕಷ್ಟ.

ಮೂರನೆಯ ಗಂಟು ಅಕ್ಷರದ್ದು. 1975ರಲ್ಲಿ ಒಂದು ವಾರಪತ್ರಿಕೆಯಲ್ಲಿ ತಮ್ಮ ಜೀವನವನ್ನು ಧಾರಾವಾಹಿಯಾಗಿ ಬರೆಯತೊಡಗಿದರು. ಸಾಕುತಾಯಿ, ದುಡ್ಡು, ಯುದ್ಧ, ಎಲ್ಲವನ್ನೂ ಬರೆದರು. 'ನನ್ನ ಬಾಳ ದಿನಚರಿ' ಎನ್ನಬಹುದಾದ ಆ ಪುಸ್ತಕಕ್ಕೆ 1976ರಲ್ಲಿ ಜಪಾನಿನ ಪ್ರಬಂಧಕಾರರ ಸಂಘದ ಪ್ರಶಸ್ತಿ ಬಂತು. ರೈಲಿನಲ್ಲಿ ಅಕ್ಷರ ಕಲಿತ ಹುಡುಗಿ ಐವತ್ತು ದಾಟಿದ ಮೇಲೆ ಲೇಖಕಿಯಾದಳು. ನಮಗಿನ್ನು ಯಾಕಮ್ಮ ಈ ವಯಸ್ಸಿನಲ್ಲಿ ಓದು ಬರಹ ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಕೊನೆಯ ಚಿತ್ರ 1979ರದು, ನಿರ್ದೇಶಕರು ಅದೇ ಕಿನೋಶಿತಾ. ದಾರಿಯಲ್ಲಿ ಯಾರೋ ಸುಮ್ಮಸುಮ್ಮನೆ ಇರಿದು ಮಗನನ್ನು ಕೊಂದಾಗ, ಅಂಥ ಕುಟುಂಬಗಳಿಗೆ ಪರಿಹಾರ ಸಿಗಲೇಬೇಕೆಂದು ಹೋರಾಡಿದ ತಂದೆಯ ನಿಜ ಕಥೆ ಅದು. ಹಿಡೆಕೊ ಅದರಲ್ಲಿ ತಾಯಿ. ಮರುವರ್ಷ, 1980ರಲ್ಲಿ, ಜಪಾನಿನಲ್ಲಿ ಅಂಥ ಪರಿಹಾರದ ಕಾನೂನು ಬಂತು. 1929ರಿಂದ 1979, ಸರಿಯಾಗಿ ಐವತ್ತು ವರ್ಷ. ಬಣ್ಣ ಹಚ್ಚಿಸಿದ್ದು ಬೇರೆಯವರು, ಒರೆಸಿಕೊಂಡದ್ದು ಮಾತ್ರ ಆಕೆಯ ಸ್ವಂತ ತೀರ್ಮಾನ. ಮತ್ತೆ ಕ್ಯಾಮೆರಾದ ಮುಂದೆ ನಟಿಸಲು ಹೋಗಲಿಲ್ಲ.

ಖ್ಯಾತ ಚಿತ್ರಕಾರ ಉಮೆಹಾರಾ ಆಕೆಯನ್ನು ಕೂರಿಸಿಕೊಂಡು ಹಲವು ಭಾವಚಿತ್ರ ಬರೆದಿದ್ದರು. ಮನೆಯಲ್ಲಿದ್ದ ಅಂಥ ಚಿತ್ರಗಳನ್ನು ಹಿಡೆಕೊ ಟೋಕಿಯೋದ ಒಂದು ಕಲಾ ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ವಯಸ್ಸಾದಂತೆ ದೊಡ್ಡ ಮನೆ ಕೆಡವಿಸಿ ಚಿಕ್ಕದು ಕಟ್ಟಿಸಿಕೊಂಡರು, ಪಾತ್ರೆಪಡಗ ಕಡಿಮೆ ಮಾಡಿದರು. ಮಕ್ಕಳಿರಲಿಲ್ಲ. 2009ರಲ್ಲಿ ದಂಪತಿಗಳು ತಮಗೆ ಆಪ್ತರಾಗಿದ್ದ ಒಬ್ಬ ಲೇಖಕಿಯನ್ನು ಮಗಳಾಗಿ ದತ್ತು ತೆಗೆದುಕೊಂಡರು. ಬಲ್ಲವಳು, ಬಯಸಿ ಬಂದ ಮಗಳು. 2010ರ ಡಿಸೆಂಬರ್ 28ರಂದು, 86ನೇ ವಯಸ್ಸಿನಲ್ಲಿ ಹಿಡೆಕೊ ತೀರಿಕೊಂಡರು.

ಇಷ್ಟೆಲ್ಲ ನಿಮಗೆ ಹೇಳಿದ್ದು ತಾರೆಯ ಹೊಳಪಿಗಾಗಿ ಅಲ್ಲ. ಈಗ ಮನೆಮನೆಯಲ್ಲೂ ಮೊಬೈಲು ಇದೆ. ಪುಟ್ಟ ಮಕ್ಕಳನ್ನು ಕುಣಿಸಿ, ಹಾಡಿಸಿ, ವಿಡಿಯೋ ಮಾಡಿ ಹಾಕುತ್ತೇವೆ. ಟಿ.ವಿ. ಸ್ಪರ್ಧೆಗಳಿಗೆ ಸಾಲುಗಟ್ಟಿ ಕರೆದೊಯ್ಯುತ್ತೇವೆ. ಮಗುವಿನ ಪ್ರತಿಭೆ ಬೆಳೆಯಲಿ, ಬೇಡವೆನ್ನುವವರು ಯಾರು? ಆದರೆ ಮಗು 'ಸಾಕಮ್ಮ' ಅಂದ ದಿನ ಸಾಕು ಮಾಡಲು ನಾವು ತಯಾರಿದ್ದೇವೆಯೇ? ಅದರ ಹೆಸರಿನಲ್ಲಿ ಬಂದ ಹಣ ಅದರ ಹೆಸರಿನಲ್ಲೇ ಇದೆಯೇ? ಅದರ ಶಾಲೆಯ ಹಾಜರಿ ಎಷ್ಟು?

ಹಾಗೆಯೇ ನಿಮ್ಮದೂ ಒಂದು ಲೆಕ್ಕವಿದೆ. ಹಪ್ಪಳ ಸಂಡಿಗೆ ಮಾಡಿ ಮಾರುವವರು, ಟ್ಯೂಷನ್ ಹೇಳುವವರು, ಹಾಲು ಹಾಕುವವರು, ನೌಕರಿಗೆ ಹೋಗುವವರು ನಮ್ಮಲ್ಲಿ ಎಷ್ಟೊಂದು ಜನ. ನಿಮ್ಮ ಹೆಸರಿನಲ್ಲಿ ಬ್ಯಾಂಕಿನ ಪಾಸ್‌ಬುಕ್ ಇದೆಯೇ? ಇದ್ದರೆ ಅದು ಯಾರ ಬೀರುವಿನಲ್ಲಿದೆ? ಅದರಲ್ಲಿ ಎಷ್ಟಿದೆ ಅಂತ ನಿಮಗೆ ಗೊತ್ತೇ? ಜಗಳವಾಡಬೇಕಾಗಿಲ್ಲ. ಇವತ್ತು ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ಕೇಳಿ ನೋಡಿ.