ದಂಡಿನ ಹೆಸರು, ಮನೆಯ ಹೆಸರು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಹೆಮ್ಮೆ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಅದು ಇಳಿದ ಬಗೆಯನ್ನು ಹೇಳುತ್ತೇನೆ.

ನಮ್ಮ ತಾತ ಓದಿದ್ದು ನಾಲ್ಕನೆಯ ತರಗತಿ; ಮಾಡಿದ್ದು ರೇಡಿಯೋ ರಿಪೇರಿ. ಅವರು ತೀರಿಕೊಂಡ ಮೇಲೆ ಮಂಚದ ಕೆಳಗೆ ಉಳಿದದ್ದು ಒಂದು ಟ್ರಂಕು, ಅದರ ತುಂಬ ಗಾಜಿನ ವಾಲ್ವುಗಳು. ಎರಡು ವರ್ಷದ ಹಿಂದೆ ಯುಗಾದಿಗೆ ಮನೆ ಚೊಕ್ಕಟ ಮಾಡುವಾಗ ಅವನ್ನು ವಿಂಗಡಿಸುವ ಕೆಲಸ ಓದಿದವನ ಪಾಲಿಗೆ ಬಂತು. ಕಂಪನಿಯ ಹೆಸರಿದ್ದವನ್ನು ಇಟ್ಟುಕೊಂಡೆ. ಒಂದು ಬಾಣದ ಗುರುತು, ‘ಸಿ.ವಿ.’ ಎಂಬ ಎರಡಕ್ಷರ, ಒಂದು ಸಂಖ್ಯೆ ಇಷ್ಟೇ ಇದ್ದವನ್ನು ಅನಾಮಧೇಯಗಳೆಂದು ಗುಜರಿಯವನಿಗೆ ತೂಗಿಕೊಟ್ಟೆ. ಬಂದದ್ದು 90 ರೂಪಾಯಿ. ರಟ್ಟಿನ ಡಬ್ಬಿಯಲ್ಲಿದ್ದ ಒಂದು ಮಾತ್ರ ಮೂಲೆಯಲ್ಲಿ ಅಡಗಿ ನನ್ನ ಕೈಯಿಂದ ಪಾರಾಯಿತು.

ಕಳೆದ ಗಣೇಶನ ಹಬ್ಬದಲ್ಲಿ ಭಜನಾ ಮಂಡಳಿಯ ಹಳೆಯ ಆಂಪ್ಲಿಫೈಯರ್ ಮೂಕವಾಯಿತು. ಪೇಟೆಯ ಮೆಕ್ಯಾನಿಕ್ ನೋಡಿ, “ಇ.ಸಿ.ಸಿ. 83 ವಾಲ್ವು ಹೋಗಿದೆ, ತರಿಸಲು ವಾರ ಬೇಕು” ಎಂದ. ಮನೆಗೆ ಬಂದು ಹೇಳಿದಾಗ ಅಜ್ಜಿ, “ನಿಮ್ಮ ತಾತ ಆ ನೋಟುಬುಕ್ಕಿನಲ್ಲಿ ಏನೇನೋ ಬರೀತಿದ್ರು. ಓದಿದವನು ನೀನು, ಅದನ್ನೊಂದಿಷ್ಟು ಓದಬಾರದೇನಪ್ಪ?” ಎಂದರು.

ಓದಿದೆ. ಪ್ರತಿ ಪುಟದಲ್ಲೂ ಎರಡು ಸಾಲು: ಎಡಕ್ಕೆ ‘ದಂಡಿನ ಹೆಸರು’, ಬಲಕ್ಕೆ ‘ಮನೆಯ ಹೆಸರು’. ಸಿ.ವಿ. 4004ರ ಎದುರಿಗೆ ಇ.ಸಿ.ಸಿ. 83 ಎಂದಿತ್ತು!

ಆಮೇಲೆ ಹುಡುಕಿ ಇನ್ನಷ್ಟು ತಿಳಿದೆ. ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತಿನ ಗುರುತು. ಅಲ್ಲಿ ಮೊದಲು ಪ್ರತಿಯೊಂದು ಪಡೆಯೂ ವಾಲ್ವಿಗೆ ತನ್ನದೇ ಹೆಸರಿಡುತ್ತಿತ್ತು. ಇ.ಎಫ್. 50 ಎಂಬ ಒಂದೇ ವಾಲ್ವು ವಾಯುಪಡೆಯಲ್ಲಿ ವಿ.ಆರ್. 91, ಭೂಸೇನೆಯಲ್ಲಿ ಎ.ಆರ್.ಪಿ. 35. ಈ ಗೊಂದಲ ತೀರಿಸಲು ಎಲ್ಲರಿಗೂ ಸಮಾನವಾದ ‘ಕಾಮನ್ ವಾಲ್ವ್’ ಪಟ್ಟಿ ಬಂತು. ಅದರಲ್ಲಿ ಇದು ಸಿ.ವಿ. 1091. ಅಕ್ಷರವನ್ನು ನಂಬಿ ಕೆಡಬಾರದು: ‘ವಿ.ಟಿ.’ ಎಂದರೆ ಬ್ರಿಟಿಷ್ ವಾಯುಪಡೆಗೆ ಪ್ರಸಾರದ ವಾಲ್ವು, ಅಮೆರಿಕದ ಸೈನ್ಯಕ್ಕೆ ಯಾವ ವಾಲ್ವಾದರೂ ಸರಿ. ಅವರ ವಿ.ಟಿ. 231 ಪೇಟೆಯಲ್ಲಿ 6ಎಸ್‌ಎನ್7ಜಿಟಿ. ಡಬ್ಬಿಯ ಮೇಲಿನ ಉದ್ದ ಸಂಖ್ಯೆಗೂ ಅರ್ಥವಿದೆ. 5960-99-000-4004 ಎಂಬಲ್ಲಿ 5960 ಎಂದರೆ ವಾಲ್ವುಗಳ ವರ್ಗ, 99 ಎಂದರೆ ಬ್ರಿಟನ್. ಕೊನೆಯಲ್ಲಿ ಅದೇ ಸಿ.ವಿ. ಸಂಖ್ಯೆ.

ಪಾರಾಗಿ ಉಳಿದಿದ್ದ ಡಬ್ಬಿಯ ಮೇಲೆ ಇದ್ದದ್ದೂ ಅದೇ. ಸಿ.ವಿ. 4004 ಇ.ಸಿ.ಸಿ. 83ರ ಜಾಗದಲ್ಲೇ ಕೂರುವ, ಇನ್ನೂ ಗಟ್ಟಿಯಾದ ಅಣ್ಣ. ಮೆಕ್ಯಾನಿಕ್ ಕೂರಿಸಿದ, ಒಳಗೆ ನಸುಗೆಂಪು ಬೆಳಕು ಮೂಡಿತು, ಸ್ವಲ್ಪ ಹೊತ್ತಿಗೆ ಮೈಕು ಕೆಮ್ಮಿ, ಹಾಡಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ತಲೆಯೆತ್ತಲಿಲ್ಲ. ತಾತನ ಲೆಕ್ಕದಲ್ಲಿ ಆ ಸಾಲಿನ ಮುಂದೆ ‘ದಾಸ್ತಾನು 6’ ಎಂದಿತ್ತು. ಉಳಿದ ಐದನ್ನು ನಾನೇ ಗುಜರಿಗೆ ಹಾಕಿದ್ದೆ.

ಅವಕ್ಕೆ ಹೆಸರಿಲ್ಲದೆ ಇರಲಿಲ್ಲ. ಓದುವ ತಾಳ್ಮೆ ನನಗಿರಲಿಲ್ಲ. ಇನ್ನೇನು ಅಂತಿಮ ಪರೀಕ್ಷೆ ಬಂತು. ಉತ್ತರ ಪತ್ರಿಕೆಯ ಮೇಲೆ ನಮಗೂ ಹೆಸರಿಲ್ಲ, ಸಂಖ್ಯೆ ಮಾತ್ರ. ತಿದ್ದುವವರು ನನ್ನಂತಲ್ಲ, ನಮ್ಮ ತಾತನಂಥವರಾಗಿರಲಿ.