ಗಿನಿಯದ್ದೂ ಅಲ್ಲ, ಹಂದಿಯೂ ಅಲ್ಲ

ಮಕ್ಕಳೇ, ನಿಮ್ಮ ಮನೆಯಲ್ಲಿ ಬೆಕ್ಕು ಇರಬಹುದು, ಕೋಳಿ ಇರಬಹುದು, ಹಿತ್ತಲಲ್ಲಿ ಒಂದೆರಡು ಆಡುಗಳೂ ಇರಬಹುದು. ನಮ್ಮ ಮನೆಯಲ್ಲಿ ಇರುವುದು ಗಿನಿಪಿಗ್. ಈ ಹೆಸರು ಹೇಳಿದಾಗಲೆಲ್ಲ ಅದು ನಮ್ಮ ಮನೆಗೆ ಬಂದ ದಿನದ ಗಲಾಟೆ ನನಗೆ ನೆನಪಾಗುತ್ತದೆ.

ಅದು 2021ರ ಡಿಸೆಂಬರ್. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಮಂಗಳೂರಿಗೆ ಬರುವಾಗ ಅಲ್ಲಲ್ಲಿ ತೂತು ಮಾಡಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದಿದ್ದ. ಎಂಟು ವರ್ಷದ ನನ್ನ ಮಗಳಿಗೆ ಅದು ಮಾಮನ ಉಡುಗೊರೆ. ಪೆಟ್ಟಿಗೆ ತೆರೆದಾಗ ಒಳಗೆ ಬೆಲ್ಲದ ಬಣ್ಣದ, ಬಾಲವೇ ಇಲ್ಲದ, ಗುಂಡುಗುಂಡಗಿನ ಒಂದು ಜೀವ ಮೂಲೆಯಲ್ಲಿ ಮುದುಡಿ ಕುಳಿತಿತ್ತು.

"ಇದರ ಹೆಸರೇನು ಮಾಮಾ?"

"ಗಿನಿಪಿಗ್."

ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. "ಪಿಗ್ಗಾ? ಅಸ್ತಗ್ಫಿರುಲ್ಲಾಹ್! ಹಂದಿಯನ್ನು ಮನೆಯೊಳಗೆ ತಂದೆಯಾ ಮಗನೇ?"

"ಹಂದಿ ಅಲ್ಲ ಉಮ್ಮಾ, ಇದು ಇಲಿಯ ಕುಲದ್ದು" ಎಂದು ತಮ್ಮ ಸಮಜಾಯಿಷಿ ನೀಡಿದ. ಅದರಿಂದ ವಿಷಯ ಇನ್ನಷ್ಟು ಕೆಟ್ಟಿತು. "ಇಲಿಯನ್ನು ಓಡಿಸಲಿಕ್ಕೆಂದು ನಾವು ಬೆಕ್ಕು ಸಾಕುತ್ತೇವೆ. ನೀನು ದುಡ್ಡು ಕೊಟ್ಟು ಇಲಿ ತಂದಿದ್ದೀಯಲ್ಲ!" ಎಂದರು ಅತ್ತೆ. ಆ ರಾತ್ರಿ ಪೆಟ್ಟಿಗೆ ಹೊರಗಿನ ಜಗಲಿಯಲ್ಲೇ ಕಳೆಯಿತು. ಮಗಳೂ ಹೊದಿಕೆ ಹಿಡಿದುಕೊಂಡು ಅಲ್ಲಿಗೇ ಹೋಗಿ ಕುಳಿತಳು.

ತಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಗಿನಿಪಿಗ್‌ಗೂ ಹಂದಿಗೂ ಯಾವ ಸಂಬಂಧವೂ ಇಲ್ಲ. ಹಂದಿಗೆ ಗೊರಸು ಇರುತ್ತದೆ. ಇದಕ್ಕೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಮೂರು ಬೆರಳುಗಳು. ಇಲಿ, ಅಳಿಲುಗಳಂತೆ ಇದು ಕೂಡ ದಂಶಕ, ಅಂದರೆ ಕಡಿದು ಕೊರೆದು ತಿನ್ನುವ ಪ್ರಾಣಿ. ಚಿತ್ರಗಳಲ್ಲಿ ಕ್ಯಾಪಿಬಾರ ಎಂಬ ದೊಡ್ಡ ಪ್ರಾಣಿಯನ್ನು ನೀವು ನೋಡಿರಬಹುದು. ಅದು ಇದರ ಹತ್ತಿರದ ಬಂಧು. ಇನ್ನು ಗಿನಿ ಎಂಬುದು ಆಫ್ರಿಕಾದ ಒಂದು ದೇಶ. ಆದರೆ ಇದರ ತವರು ಅಲ್ಲಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸಾಲು, ಈಗಿನ ಪೆರು, ಬೊಲಿವಿಯಾ, ಈಕ್ವೆಡಾರ್ ದೇಶಗಳ ತಣ್ಣನೆಯ ಎತ್ತರದ ನಾಡು ಇದರ ಊರು. ಅಲ್ಲಿಯ ಜನರು ಇದನ್ನು ಸಾವಿರಾರು ವರ್ಷಗಳಿಂದ ಸಾಕುತ್ತಾ ಬಂದಿದ್ದಾರೆ. ನಾವು ಕೋಳಿ ಸಾಕುವಂತೆ ಅಲ್ಲಿ ಇಂದಿಗೂ ಮಾಂಸಕ್ಕಾಗಿ ಸಾಕುವವರಿದ್ದಾರೆ. (ಇದನ್ನು ನಾನು ಮಗಳಿಗೆ ಬಹಳ ದಿನ ಹೇಳಿರಲಿಲ್ಲ.) ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಆ ನಾಡುಗಳನ್ನು ವಶಪಡಿಸಿಕೊಂಡ ನಂತರ ಇದು ಹಡಗು ಹತ್ತಿ ಯುರೋಪಿಗೆ ಹೋಯಿತು, ಅಲ್ಲಿ ಶ್ರೀಮಂತರ ಮನೆಯ ಮುದ್ದಿನ ಪ್ರಾಣಿಯಾಯಿತು.

ಹಾಗಾದರೆ ಈ ಹೆಸರು ಹೇಗೆ ಬಂತು? ಅದರ ಬಗ್ಗೆ ಹಲವು ಕಥೆಗಳಿವೆ, ಯಾವುದಕ್ಕೂ ಗಟ್ಟಿ ಆಧಾರವಿಲ್ಲ. ಪೆರುವಿನ ಜನರು ಇದನ್ನು 'ಕುಯ್' ಎನ್ನುತ್ತಾರೆ. ಒಮ್ಮೆ ಇದರ ಕೂಗು ಕೇಳಿದರೆ ಆ ಹೆಸರೇ ಸರಿ ಎಂದು ನೀವೂ ಒಪ್ಪುತ್ತೀರಿ.

ಮಗಳು ಮಾತ್ರ ಅದನ್ನು 'ಬೆಲ್ಲ' ಎಂದು ಕರೆದಳು.

ಈಗ ಹೇಳಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. ಬೆಲ್ಲ ನಮ್ಮ ಮನೆಯಲ್ಲಿ ಇದ್ದದ್ದು ಐದು ವಾರ ಮಾತ್ರ. ಅದಕ್ಕೆ ಏನು ತಿನ್ನಿಸಬೇಕು ಎಂದು ನಾವು ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆವು. "ಮೊಲಕ್ಕೆ ಹಾಕುವ ಹಿಂಡಿಗುಳಿಗೆ ಸಾಕು, ಎರಡೂ ಒಂದೇ" ಎಂದರು. ನಾವು ನಂಬಿದೆವು. ಮೊಲದ ಗುಳಿಗೆ, ಒಂದಿಷ್ಟು ಅನ್ನ, ಮುಳ್ಳುಸೌತೆಯ ತುಂಡು, ಮಗಳು ಪ್ರೀತಿಯಿಂದ ಕೊಡುತ್ತಿದ್ದ ಬಿಸ್ಕತ್ತಿನ ಚೂರು, ಇಷ್ಟೇ ಅದರ ಆಹಾರ. ನಾಲ್ಕನೇ ವಾರದಲ್ಲಿ ಬೆಲ್ಲ ಓಡಾಡುವುದನ್ನು ಕಡಿಮೆ ಮಾಡಿತು. ರೋಮ ಒರಟಾಯಿತು. ಎತ್ತಿಕೊಂಡರೆ ಕಿರುಚತೊಡಗಿತು. "ಅದಕ್ಕೆ ನನ್ನ ಮೇಲೆ ಕೋಪ" ಎಂದುಕೊಂಡಳು ಮಗಳು. ಚಳಿಗೆ ಹೀಗಾಗಿರಬಹುದು ಎಂದುಕೊಂಡೆ ನಾನು.

ಪಶುವೈದ್ಯರ ಬಳಿಗೆ ಒಯ್ಯುವಾಗ ಅದು ಎರಡು ದಿನದಿಂದ ಏನನ್ನೂ ತಿಂದಿರಲಿಲ್ಲ. ಅವರು ಊದಿಕೊಂಡಿದ್ದ ಕಾಲಿನ ಗಂಟುಗಳನ್ನು ಮುಟ್ಟಿ ನೋಡಿದರು. "ಹಸಿರು ಏನು ಕೊಡುತ್ತೀರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆಗಲೇ ಅವರು ವಿಷಯವನ್ನು ಬಿಡಿಸಿ ಹೇಳಿದರು.

ಮಕ್ಕಳೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಬೆಕ್ಕು, ಆಡು, ಮೊಲ ಇವೆಲ್ಲ ತಮಗೆ ಬೇಕಾದ 'ಸಿ' ವಿಟಮಿನನ್ನು ತಮ್ಮ ಶರೀರದೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಅದು ಸಾಧ್ಯವಿಲ್ಲ. ಗಿನಿಪಿಗ್‌ಗೂ ಸಾಧ್ಯವಿಲ್ಲ. ಅದು ಪ್ರತಿದಿನ ಆಹಾರದಿಂದಲೇ ಸಿಗಬೇಕು. ಸಿಗದಿದ್ದರೆ ಎರಡು ಮೂರು ವಾರಗಳಲ್ಲಿ ಗಂಟುಗಳು ಊದುತ್ತವೆ, ಒಳಗೊಳಗೆ ರಕ್ತ ಒಸರುತ್ತದೆ, ಹಲ್ಲು ಸಡಿಲವಾಗುತ್ತದೆ. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗ ಇದೇ. ಈ ರೋಗದ ಗುಟ್ಟು ಮನುಷ್ಯರಿಗೆ ತಿಳಿಯಲು ದಾರಿ ತೋರಿಸಿದ್ದು ಕೂಡ ಇದೇ ಪುಟ್ಟ ಪ್ರಾಣಿ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಅವುಗಳಿಗೆ ಸ್ಕರ್ವಿ ಬಂತು. ತಾಜಾ ಸೊಪ್ಪು, ಹಣ್ಣು ಕೊಟ್ಟಾಗ ತಡೆಯಿತು. ನೂರು ವರ್ಷಗಳ ಹಿಂದೆಯೇ ಬಯಲಾದ ಈ ಸತ್ಯ ಆ ಅಂಗಡಿಯವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮೊಲದ ಗುಳಿಗೆಯಲ್ಲಿ 'ಸಿ' ವಿಟಮಿನ್ ಸೇರಿಸಿರುವುದಿಲ್ಲ. ಮೊಲಕ್ಕೆ ಅದರ ಅಗತ್ಯವೇ ಇಲ್ಲವಲ್ಲ.

ವೈದ್ಯರು ಚುಚ್ಚುಮದ್ದು ಕೊಟ್ಟರು. ಬೆಲ್ಲ ಮರುದಿನ ಬೆಳಿಗ್ಗೆ ಸತ್ತುಹೋಗಿತ್ತು.

ಹಿತ್ತಲ ಪೇರಳೆ ಮರದ ಬುಡದಲ್ಲಿ ಹೊಂಡ ತೋಡಿ ಮಣ್ಣು ಮಾಡಿದೆವು. ಕೈ ತೊಳೆಯುವಾಗ ಮಗಳು ಕೇಳಿದಳು: "ಉಮ್ಮಾ, ನಾವೇ ಕೊಂದೆವಾ?" ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ವೈದ್ಯರ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು. "ನಮಗೆ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಳ್ಳಬೇಕಿತ್ತು. ಅದು ನಿನ್ನ ತಪ್ಪಲ್ಲ, ದೊಡ್ಡವರದ್ದು" ಎಂದೆ. ನಾವು ತಲೆಯೆತ್ತಿ ನೋಡಿದರೆ ಆ ಮರದ ತುಂಬ ಹಣ್ಣುಗಳಿದ್ದವು. ಪೇರಳೆಯಲ್ಲಿ ಬೇಕಾದಷ್ಟು 'ಸಿ' ವಿಟಮಿನ್ ಇದೆ.

2022ರ ಜೂನ್‌ನಲ್ಲಿ ನಮ್ಮ ಪರಿಚಿತರೊಬ್ಬರ ಮನೆಯ ಗಿನಿಪಿಗ್ ಮರಿ ಹಾಕಿದೆ ಎಂಬ ಸುದ್ದಿ ಬಂತು. ಈ ಸಲ ಮಗಳು ಕೂಡಲೇ ಹೂಂ ಎನ್ನಲಿಲ್ಲ. ಒಂದು ನೋಟ್‌ಪುಸ್ತಕ ಹಿಡಿದು ಅದೇ ವೈದ್ಯರ ಬಳಿಗೆ ಹೋಗಿ ಕೇಳಿ ಬರೆದುಕೊಂಡಳು. ಅವಳ ಪುಸ್ತಕದಿಂದಲೇ ಕೆಲವನ್ನು ನಿಮಗೆ ಹೇಳುತ್ತೇನೆ.

ಇವುಗಳ ಮುಖ್ಯ ಆಹಾರ ಹುಲ್ಲು. ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಜಗಿದು ಜಗಿದೇ ಅವು ಸವೆಯಬೇಕು. ಬೈಹುಲ್ಲು ಹಾಸಲಿಕ್ಕೆ ಆದೀತು, ಹೊಟ್ಟೆಗೆ ಸಾಲದು. ಗರಿಕೆ ಮತ್ತು ಒಣಗಿಸಿದ ಮೇವಿನ ಹುಲ್ಲು ಹಗಲೂ ರಾತ್ರಿ ಮುಂದಿರಬೇಕು. ಒಂದು ಕಿಲೋ ತೂಕದ ಗಿನಿಪಿಗ್‌ಗೆ ದಿನಕ್ಕೆ 10ರಿಂದ 20 ಮಿಲಿಗ್ರಾಂ 'ಸಿ' ವಿಟಮಿನ್ ಬೇಕು. ಗರ್ಭಿಣಿಗೆ ಇನ್ನೂ ಹೆಚ್ಚು. ಕ್ಯಾಪ್ಸಿಕಂನ ಒಂದು ಹೋಳು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಆಗಾಗ ಪೇರಳೆಯ ಸಣ್ಣ ತುಂಡು, ಇಷ್ಟರಿಂದ ಆ ಕೆಲಸ ಆಗುತ್ತದೆ. ಅನ್ನ, ಬ್ರೆಡ್, ಬಿಸ್ಕತ್ತು, ಹಾಲು, ನೀರುಳ್ಳಿ, ಬಟಾಟೆ ಕೊಡಲೇಬಾರದು. ಗೂಡಿನ ನೆಲ ತಂತಿಯ ಬಲೆಯಾಗಿರಬಾರದು, ಅಂಗಾಲು ಹುಣ್ಣಾಗುತ್ತದೆ. ಇನ್ನೊಂದನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ: ಮನೆಯಲ್ಲಿರುವ ನಮ್ಮ ಔಷಧಿ ಕೊಡಬಾರದು. ನಮ್ಮನ್ನು ಉಳಿಸುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಇವುಗಳ ಕರುಳಿನ ಒಳ್ಳೆಯ ಅಣುಜೀವಿಗಳನ್ನು ನಾಶ ಮಾಡಿ ಜೀವವನ್ನೇ ತೆಗೆಯಬಲ್ಲವು.

ಒಂಟಿಯಾಗಿ ಸಾಕಬಾರದು ಎಂಬುದನ್ನೂ ಆಗಲೇ ತಿಳಿದೆವು. ಇವು ಗುಂಪಿನಲ್ಲಿ ಬಾಳುವ ಜೀವಗಳು. ಸ್ವಿಟ್ಜರ್ಲೆಂಡಿನಲ್ಲಂತೂ ಒಂಟಿ ಗಿನಿಪಿಗ್ ಸಾಕುವಂತಿಲ್ಲ ಎಂದು 2008ರಲ್ಲಿ ನಿಯಮವನ್ನೇ ಮಾಡಿದ್ದಾರೆ. ಹೀಗಾಗಿ ನಾವು ಎರಡು ಹೆಣ್ಣುಮರಿಗಳನ್ನು ತಂದೆವು. ಹೆಣ್ಣು ಎಂದು ಕೊಟ್ಟವರು ಹೇಳಿದ್ದರು! ಎರಡು ಮೂರು ತಿಂಗಳಲ್ಲೇ ಒಂದರ ಹೊಟ್ಟೆ ಉಬ್ಬತೊಡಗಿತು. ಇವುಗಳ ಗಂಡು ಮರಿಗೆ ಮೂರು ವಾರ ತುಂಬುತ್ತಲೇ ತಂದೆಯಾಗುವ ಸಾಮರ್ಥ್ಯ ಬರಬಹುದಂತೆ. ಗರ್ಭದ ಅವಧಿ 59ರಿಂದ 72 ದಿನ. ಒಂದು ಬೆಳಿಗ್ಗೆ ನೋಡಿದರೆ ಮೂರು ಮರಿಗಳು. ಇಲಿಮರಿಗಳ ಹಾಗೆ ಕಣ್ಣು ಮುಚ್ಚಿದ ಮಾಂಸದ ಮುದ್ದೆಗಳಲ್ಲ. ಮೈತುಂಬ ರೋಮ, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಹುಟ್ಟಿದ ದಿನವೇ ಓಡಾಡಿ, ತಾಯಿಯ ಪಕ್ಕದಲ್ಲಿ ಹುಲ್ಲಿನ ಎಸಳನ್ನೂ ಕಚ್ಚಿ ನೋಡಿದವು. ನಮ್ಮ ಹೆಣ್ಣಿಗೆ ಪ್ರಾಯ ಕಡಿಮೆಯಿದ್ದುದರಿಂದ ಉಳಿಯಿತು. ಆರೇಳು ತಿಂಗಳು ದಾಟಿದ ಮೇಲೆ ಮೊದಲ ಗರ್ಭವಾದರೆ ಸೊಂಟದ ಎಲುಬು ಬಿಗಿದುಕೊಂಡು ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಗಂಡನ್ನು ಆ ದಿನವೇ ಬೇರೆ ಗೂಡಿಗೆ ಹಾಕಿದೆವು.

ಇವುಗಳಿಗೆ ಸಂತೋಷವಾದರೆ ಏನು ಮಾಡುತ್ತವೆ ಗೊತ್ತೇ? ಇದ್ದಕ್ಕಿದ್ದ ಹಾಗೆ ನಿಂತಲ್ಲೇ ಎಗರುತ್ತವೆ, ಬಾಣಲೆಯಲ್ಲಿ ಅರಳು ಸಿಡಿದಂತೆ. ಕೋಪ ಬಂದರೆ ಹಲ್ಲು ಕಟಕಟಿಸುತ್ತವೆ. ಇನ್ನೊಂದು ವಿಷಯ ಹೇಳಿದರೆ ನೀವು ಮೂಗು ಮುರಿಯುತ್ತೀರಿ: ತಮ್ಮ ಮೆತ್ತಗಿನ ಹಿಕ್ಕೆಯನ್ನು ತಾವೇ ತಿನ್ನುತ್ತವೆ. ಹುಲ್ಲಿನ ಸಾರ ಒಂದೇ ಸಲಕ್ಕೆ ಪೂರ್ತಿ ಸಿಗುವುದಿಲ್ಲ. ಹಸು ಮೆಲುಕು ಹಾಕುತ್ತದೆ, ಇದು ಹೀಗೆ ಮಾಡುತ್ತದೆ. ಅದಕ್ಕಾಗಿ ಗದರಿಸಬೇಡಿ.

ನಮ್ಮ ಕರಾವಳಿಯವರಿಗೆ ಒಂದು ಮಾತು. ಇದು ತಣ್ಣನೆಯ ನಾಡಿನ ಪ್ರಾಣಿ, ಬೆವರಿ ಮೈ ತಂಪು ಮಾಡಿಕೊಳ್ಳಲು ಇದಕ್ಕೆ ಬರುವುದಿಲ್ಲ. ಶಾಖ 30 ಡಿಗ್ರಿ ದಾಟಿದರೆ ಜೀವಕ್ಕೇ ಕಷ್ಟ. ನಮ್ಮಲ್ಲಿ ಮಾರ್ಚ್ ಬಂದರೆ ದಿನವೂ ಅದನ್ನು ದಾಟುತ್ತದೆ. ನಾವು ಬೇಸಿಗೆಯಲ್ಲಿ ಗೂಡನ್ನು ಮನೆಯ ಅತ್ಯಂತ ತಂಪಾದ ಕೋಣೆಯ ನೆಲದಲ್ಲಿಟ್ಟು, ಬಾಟಲಿಯಲ್ಲಿ ನೀರನ್ನು ಮಂಜುಗಡ್ಡೆ ಮಾಡಿ ಬಟ್ಟೆ ಸುತ್ತಿ ಪಕ್ಕದಲ್ಲಿಡುತ್ತೇವೆ. ಫ್ರಿಜ್ಜಿನಲ್ಲಿ ಐಸಿಗೆ ಜಾಗವಿಲ್ಲದ ಮನೆಯವರು, ಹಗಲು ಮನೆಯಲ್ಲಿ ಯಾರೂ ಇರದವರು ಈ ಆಸೆಯನ್ನು ಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ತಾಯಂದಿರೇ, "ಇದು ನಿನ್ನದು, ನೀನೇ ನೋಡಿಕೋ" ಎಂದು ಎಂಟು ವರ್ಷದ ಮಗುವಿನ ಕೈಗೆ ಐದಾರು ವರ್ಷ ಬದುಕುವ ಜೀವವನ್ನು ಒಪ್ಪಿಸಬೇಡಿ. ಇದು ಕಾಡಿನಲ್ಲಿ ಬೇಟೆಯಾಗುತ್ತಿದ್ದ ಪ್ರಾಣಿಯ ಸಂತತಿ, ನೋವನ್ನು ಮುಚ್ಚಿಡುತ್ತದೆ. ತಿನ್ನುವುದನ್ನು ಬಿಟ್ಟರೆ ಅದೇ ದಿನ ವೈದ್ಯರ ಬಳಿಗೆ ಒಯ್ಯಬೇಕು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿದರೆ ಕಾಯಿಲೆಯ ಸುಳಿವು ಮೊದಲೇ ಸಿಗುತ್ತದೆ.

ನಮ್ಮ ಮನೆಯಲ್ಲಿ ತೂಕ ನೋಡುವವಳು ಮಗಳು, ಬರೆದಿಡುವವಳೂ ಅವಳೇ. ಮರಿಗಳಲ್ಲಿ ಎರಡನ್ನು ಜೊತೆಯಾಗಿಯೇ ನೆರೆಮನೆಗೆ ಕೊಟ್ಟೆವು, ನೋಟ್‌ಪುಸ್ತಕದ ಒಂದು ಪ್ರತಿಯ ಸಮೇತ.

ಅತ್ತೆ ಇಂದಿಗೂ ಅವುಗಳನ್ನು ಗಿನಿಪಿಗ್ ಎನ್ನುವುದಿಲ್ಲ. "ಆ ಹೆಸರು ನನ್ನ ಬಾಯಿಗೆ ಬೇಡ" ಎನ್ನುತ್ತಾರೆ. ಅವರ ಪಾಲಿಗೆ ಅವು 'ಕುಯ್ಯಿಗಳು'. ಪೆರುವಿನವರು ಕರೆಯುವುದೂ ಹೆಚ್ಚುಕಡಿಮೆ ಅದೇ ಎಂದು ನಾನು ಹೇಳಿದಾಗ, "ಹೌದಾ? ಬುದ್ಧಿಯಿರುವ ಜನ" ಎಂದರು. ಬಿರಿಯಾನಿ ಮಾಡುವ ದಿನ ಕೊತ್ತಂಬರಿ ಸೊಪ್ಪಿನ ದಂಟನ್ನು ಯಾರೂ ಬಿಸಾಡುವಂತಿಲ್ಲ. ಬೆಳಿಗ್ಗೆ ಅವರು ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಎರಡೂ ಗೂಡುಗಳಿಂದ ಕುಯ್ ಕುಯ್ ಎಂದು ಬೊಬ್ಬೆ ಏಳುತ್ತದೆ. ನಾನು ತೆರೆದರೆ ಅಷ್ಟು ಜೋರಾಗಿ ಕೂಗುವುದಿಲ್ಲ. ಹೆಜ್ಜೆಯ ಸದ್ದಿನಲ್ಲೇ ಅವಕ್ಕೆ ವ್ಯತ್ಯಾಸ ತಿಳಿಯುತ್ತದೆ ಎಂದು ಮಗಳ ವಾದ. "ತಡೆಯಿರಿ, ತಡೆಯಿರಿ, ತೊಳೆದು ಕೊಡುತ್ತೇನೆ" ಎನ್ನುತ್ತಾ ಅತ್ತೆ ದಂಟುಗಳನ್ನು ಎರಡು ಪಾಲು ಮಾಡುತ್ತಾರೆ.